ಪ್ರಸಂಗಪೀಠವೂ ಸತ್ಯವೇದವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಪರೀಕ್ಷೆಯ ಫಲಿತಾಂಶ, ಕಟ್ಟಡದ ನಿಧಿ, ಹಳೆಯ ವಿದ್ಯಾರ್ಥಿನಿಯರ ಕ್ಷೇಮಸಮಾಚಾರ ಇವುಗಳಿಗೇ ಸಾಮಾನ್ಯವಾಗಿ ಸ್ಥಳವು ಸಲ್ಲುತ್ತದೆ. ಈ ಸಲ ಬೇರೊಂದು ವಿಷಯವನ್ನು ಪೋಷಕರ ಹಾಗೂ ಹಳೆಯ ವಿದ್ಯಾರ್ಥಿನಿಯರ ಮುಂದಿಡಲು ಬಯಸುತ್ತೇವೆ. ದೇವಾಲಯಗಳಲ್ಲಿ ಈಚೆಗೆ ನಾವು ಕೇಳುತ್ತಿರುವ ಪ್ರಸಂಗಗಳಲ್ಲಿ ಕೆಲವು ಸತ್ಯವೇದವನ್ನು ಬಹು ಹಗುರವಾಗಿ ಬಳಸುತ್ತವೆಂಬುದೇ ಆ ವಿಷಯ. ನಮ್ಮ ಪೋಷಕರಲ್ಲಿ ಅನೇಕರು ಕ್ರೈಸ್ತರಲ್ಲವೆಂಬುದನ್ನು ಬಲ್ಲೆವು. ಆದರೂ ಪೂಜ್ಯವೆಂದೆಣಿಸಿದ ಗ್ರಂಥವೊಂದನ್ನು ಓದುವ ಬಗೆ ಹೇಗಿರಬೇಕೆಂಬ ಪ್ರಶ್ನೆಯು ಎಲ್ಲ ಮನೆಗಳಿಗೂ ಸೇರಿದ್ದು.

ದೂರುವವರು ದೃಷ್ಟಾಂತವನ್ನು ಕೊಡುವುದು ನ್ಯಾಯ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಹೋಗುವ ಮಕ್ಕಳಿಗಾಗಿ ಒಂದು ದೇವಾಲಯದಲ್ಲಿ ವಿಶೇಷ ಪ್ರಾರ್ಥನೆ ಏರ್ಪಟ್ಟಿತ್ತು. ನಮ್ಮ ಹುಡುಗಿಯರೂ ಹೋಗಿದ್ದರು, ನಾವೂ ಹೋಗಿದ್ದೆವು. ಪ್ರಸಂಗಿಗಳು ಯೆರೆಮೀಯನ ಗ್ರಂಥದ 29ನೆಯ ಅಧ್ಯಾಯದಿಂದ 11ನೆಯ ವಚನವೊಂದನ್ನೇ ಓದಿ ಪುಸ್ತಕವನ್ನು ಮುಚ್ಚಿದರು. ದೇವರು ತನ್ನ ಜನರಿಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸುತ್ತಾನೆಂಬುದು ಆ ವಚನದ ತಾತ್ಪರ್ಯ. ಮುಚ್ಚಿದ ಪುಸ್ತಕವು ಮತ್ತೆ ತೆರೆಯಲಿಲ್ಲ. ಕ್ರಿಕೆಟ್ ಆಟಗಾರನೊಬ್ಬನ ಕಥೆ ಬಂತು; ಮೊದಲು ಸೋತು ಆಮೇಲೆ ಕೋಟ್ಯಧೀಶನಾದ ವರ್ತಕನೊಬ್ಬನ ಕಥೆ ಬಂತು; ನಡುವೆ ನಗೆಮಾತುಗಳು ಬಂದುವು. ಕೊನೆಗೆ ಮಕ್ಕಳು ಆ ವಚನವನ್ನು ಮೂರು ಸಲ ಗಟ್ಟಿಯಾಗಿ ಹೇಳಿ, ತಮಗೆ ಬೇಕಾದ ಅಂಕಗಳನ್ನು ಮನಸ್ಸಿನಲ್ಲಿ ನೆನೆದು, ಅವು ದೊರೆತವೆಂದೇ ನಂಬತಕ್ಕದ್ದೆಂದು ಅಪ್ಪಣೆಯಾಯಿತು. ಸಭೆಯವರಿಗೆ ಬಹಳ ಸಂತೋಷವಾದಂತೆ ತೋರಿತು.

ಆ ಅಧ್ಯಾಯವನ್ನು ಹಿಂದು ಮುಂದಿನೊಡನೆ ಓದಿದವರಿಗೆ ಬೇರೆಯದೇ ಸಂಗತಿ ಕಾಣುವುದು. ಅದು ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ ಅರಸನು ಯೆರೂಸಲೇಮಿನಿಂದ ಸೆರೆಯೊಯ್ದ ಜನರಿಗೆ ಯೆರೆಮೀಯನು ಬರೆದು ಕಳುಹಿಸಿದ್ದು. ಊರಿಗೆ ಬೇಗನೆ ಹಿಂದಿರುಗುವೆವೆಂದು ಆ ಜನರು ಕಾದಿದ್ದರು. ಹಾಗೆ ಹೇಳುವ ಪ್ರವಾದಿಗಳಿಗೂ ಕೊರತೆಯಿರಲಿಲ್ಲ. ಹಿಂದಿನ ಅಧ್ಯಾಯದಲ್ಲಿಯೇ ಹನನ್ಯನೆಂಬವನು ದೇವಾಲಯದಲ್ಲಿ ನಿಂತು, ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುವುದೆಂದು ಸಾರಿ, ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಎಲ್ಲರೆದುರಿಗೆ ಮುರಿದು ಹಾಕುತ್ತಾನೆ. ಯೆರೆಮೀಯನ ಕಾಗದವು ಇದಕ್ಕೆ ವಿರುದ್ಧವಾದದ್ದು. ನೀವಿರುವ ಊರಿನಲ್ಲಿಯೇ ಮನೆ ಕಟ್ಟಿಕೊಳ್ಳಿರಿ, ತೋಟ ಹಾಕಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆಹಿಡಿದವರ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ, ಬಿಡುಗಡೆಗೆ ಎಪ್ಪತ್ತು ವರ್ಷವಾಗಬೇಕು ಎಂದು ಅವನು ಬರೆಯುತ್ತಾನೆ. ಎಪ್ಪತ್ತು ವರ್ಷದ ಮಾತು 10ನೆಯ ವಚನದಲ್ಲಿದೆ. ಪ್ರಸಂಗಿಗಳು ಓದಿದ್ದು ಅದರ ಮರುವಚನವನ್ನು. ಹತ್ತನ್ನು ಬಿಟ್ಟು ಹನ್ನೊಂದನ್ನು ಮಾತ್ರ ಓದುವವರು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಪ್ರಸಂಗವನ್ನು ಮಾಡಿದಂತಾಗುತ್ತದೆ.

ಮತ್ತಿಕೆರೆಯ ಸುತ್ತಲಿನ ಜನರಿಗೆ ಈ ಕಾಗದಕ್ಕಿಂತ ತಕ್ಕದಾದ ಪಾಠವು ಬೇರೆ ಯಾವುದಿದೆ? 1950ರ ದಶಕದಲ್ಲಿ ಜಾಲಹಳ್ಳಿಯ ಕಡೆ ಹೆಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳೆದ್ದ ಮೇಲೆ ದೂರದ ಜಿಲ್ಲೆಗಳಿಂದ ಬಂದು, ಬಾಡಿಗೆಯ ಕೋಣೆಗಳಲ್ಲಿ ಸಂಸಾರ ಹೂಡಿ, ಊರಿಗೆ ಇಂದು ಹೋಗೋಣ ನಾಳೆ ಹೋಗೋಣ ಎನ್ನುತ್ತ ಇಲ್ಲಿಯೇ ಮೊಮ್ಮಕ್ಕಳನ್ನು ಕಂಡವರು ನಮ್ಮ ಪೋಷಕರಲ್ಲಿ ಎಷ್ಟೋ ಮಂದಿ. ಹೆಚ್.ಎಂ.ಟಿ.ಯ ಗಡಿಯಾರದ ಕಂಪೆನಿಯನ್ನು ಮುಚ್ಚಲು ಸರ್ಕಾರವು 2016ರಲ್ಲಿ ತೀರ್ಮಾನಿಸಿದಾಗ ಅದನ್ನೇ ನಂಬಿ ಬಾಳಿದ ಮನೆಗಳಲ್ಲಿ ಎಂಥ ಮಾತುಗಳು ನಡೆದಿರಬಹುದೆಂಬುದನ್ನು ವಾಚಕರು ಊಹಿಸಬಲ್ಲರು. ತಮ್ಮದಲ್ಲದ ಊರಿನಲ್ಲಿ ಬೇರೂರುವುದು ಹೇಗೆ, ಫಲವನ್ನು ತಾವು ಕಾಣಲಾರೆವೆಂದು ತಿಳಿದೂ ಗಿಡ ನೆಡುವುದು ಹೇಗೆ ಎಂಬುದು ಅಂಥವರಿಗೆ ಪುಸ್ತಕದ ವಿಚಾರವಲ್ಲ. ಕೈಗೆಟಕುವಷ್ಟು ಸಮೀಪದಲ್ಲಿ ಇಂಥ ಅನ್ನವಿರುವಾಗ ಮಿಠಾಯಿಯನ್ನು ಹಂಚಿ ಕಳುಹಿಸಿದರಲ್ಲಾ ಎಂಬುದೇ ನಮ್ಮ ವ್ಯಸನ.

ಮಿಠಾಯಿಯಿಂದ ಹಾನಿಯೇನೆಂದು ಕೇಳುವವರುಂಟು. ಆ ದಿನ ಮೂರು ಸಲ ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬಾಕೆ ಗಣಿತದಲ್ಲಿ ತೇರ್ಗಡೆಯಾಗಲಿಲ್ಲ. ತಾಯಿಯೊಡನೆ ನಮ್ಮ ಕೊಠಡಿಗೆ ಬಂದಳು. ಆ ವರ್ಷದಲ್ಲಿಯೇ ಮತ್ತೆ ಬರೆಯಲು ಅವಕಾಶವಿತ್ತು, ಅದು ಅವಳಿಗೂ ಗೊತ್ತಿತ್ತು. ಅವಳನ್ನು ಕೊರೆಯುತ್ತಿದ್ದುದು ಬೇರೆ. “ದೇವರು ಹಿತವನ್ನು ಯೋಚಿಸಿದ್ದು ಮಿಕ್ಕವರ ವಿಷಯದಲ್ಲಿರಬೇಕು, ಟೀಚರ್. ನಾನು ಸರಿಯಾಗಿ ನಂಬಲಿಲ್ಲವೇನೋ,” ಎಂದಳು. ಬೀಜಗಣಿತದ ಲೆಕ್ಕ ತಪ್ಪಿದ್ದಕ್ಕೆ ಹದಿನೈದು ವರ್ಷದ ಮಗುವೊಂದು ತನ್ನ ವಿಶ್ವಾಸವನ್ನೇ ಶಂಕಿಸುವಂತಾಯಿತು. ಇದನ್ನು ಅಲ್ಪ ಹಾನಿಯೆಂದು ನಾವು ಒಪ್ಪಲಾರೆವು.

ಸಭಾಪಾಲಕರ ಕಷ್ಟವನ್ನು ನಾವು ಅರಿಯದವರಲ್ಲ. ಮದುವೆ, ಮರಣ, ಕಮಿಟಿಯ ಜಗಳ, ಆಸ್ತಿಯ ವ್ಯಾಜ್ಯ ಇವುಗಳ ನಡುವೆ ಪ್ರಸಂಗಕ್ಕೆ ಉಳಿಯುವುದು ಶನಿವಾರದ ರಾತ್ರಿಯೇ. ಕೇಳುವವರೂ ಗಡಿಯಾರವನ್ನು ನೋಡುತ್ತ ಕುಳಿತಿರುತ್ತಾರೆ. ಆದರೆ “ಈಗಿನ ಹುಡುಗರು ವಾಕ್ಯವನ್ನು ಕೇಳಿ ಕೂರುವುದಿಲ್ಲ” ಎಂಬ ಸಮಾಧಾನವನ್ನು ಮಾತ್ರ ಒಪ್ಪೆವು. ನಮ್ಮ ನೆರೆಯ ಮಲ್ಲೇಶ್ವರದಲ್ಲಿ, ಬಸವನಗುಡಿಯಲ್ಲಿ ಗಮಕವಾಚನವನ್ನು ಕೇಳಿದವರು ಹೇಳಲಿ: ಒಬ್ಬರು ಕುಮಾರವ್ಯಾಸನ ಷಟ್ಪದಿಯನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಪದಪದವನ್ನೂ ಬಿಡಿಸಿ ವ್ಯಾಖ್ಯಾನಿಸುತ್ತಾರೆ. ವ್ಯಾಖ್ಯಾನಕಾರರು ಉಪಕಥೆಗೆ ಹೋದರೂ ಪದ್ಯಕ್ಕೆ ಮರಳಿ ಬರಲೇಬೇಕು. ಬಾರದಿದ್ದರೆ ಮುಂದಿನ ಸಾಲಿನಲ್ಲಿ ಕುಳಿತ ಮುದುಕರು ಸುಮ್ಮನಿರುವುದಿಲ್ಲ. ನಮ್ಮ ದೇವಾಲಯಗಳಲ್ಲಿ ಅಂಥ ಮುದುಕರು ಕಡಿಮೆಯಾದರು.

1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್‌ರವರು ಕನ್ನಡವನ್ನು ಕಲಿತು ಭಾಷಾಂತರಕ್ಕೆ ತೊಡಗಿದರು. ಸತ್ಯವೇದವು ಸಂಪೂರ್ಣವಾಗಿ ಕನ್ನಡದಲ್ಲಿ ಅಚ್ಚಾಗಿ ಬರುವಷ್ಟರಲ್ಲಿ ಇಪ್ಪತ್ತು ವರ್ಷಗಳು ಕಳೆದಿದ್ದುವು. ಅದರ ಮೇಲೂ ತೃಪ್ತಿಯಾಗದೆ ಬೇರೆ ಬೇರೆ ಮಿಷನ್ನಿನವರು ಕೂಡಿ ಅದನ್ನು ತಿದ್ದಿದರು. ಈ ಎಲ್ಲರ ಪಕ್ಕದಲ್ಲಿ, ಮುಖಪುಟದಲ್ಲಿ ಹೆಸರು ಕಾಣಿಸದ ಕನ್ನಡದ ಮುನ್ಷಿಗಳು ಕುಳಿತು ಒಂದೊಂದು ಮಾತನ್ನೂ ತೂಗಿದ್ದಾರೆ. ಅವರು ಹತ್ತನೆಯ ವಚನವನ್ನು ಬಿಟ್ಟು ಹನ್ನೊಂದಕ್ಕೆ ಹಾರಲಿಲ್ಲ.

ಪೋಷಕರಲ್ಲಿ ನಮ್ಮದೊಂದು ಅರಿಕೆ. ಪ್ರಸಂಗವು ಮುಗಿದ ಮೇಲೆ ಮನೆಗೆ ಹೋಗಿ, ಓದಿದ ಅಧ್ಯಾಯವನ್ನು ಮಕ್ಕಳೊಡನೆ ಮೊದಲಿನಿಂದ ಓದಿರಿ. ಪ್ರಸಂಗವು ಹಿಡಿಸದಿದ್ದರೆ ಪ್ರಸಂಗಿಗಳಿಗೇ ಮರ್ಯಾದೆಯಿಂದ ತಿಳಿಸಿರಿ. ಬಾಗಿಲಲ್ಲಿ ಕೈಕುಲುಕಿ “ಬಹಳ ಚೆನ್ನಾಗಿತ್ತು, ಅಯ್ಯನವರೇ” ಎಂದು ಹೇಳಿ, ದಾರಿಯಲ್ಲಿ ಆಡಿಕೊಳ್ಳುವ ಪದ್ಧತಿಯಿಂದ ಯಾರಿಗೂ ಪ್ರಯೋಜನವಿಲ್ಲ. ಶಾಲೆಯಲ್ಲಿ ಸತ್ಯವೇದದ ಪಾಠಕ್ಕೆ ಬರುವ ಹತ್ತನೆಯ ತರಗತಿಯವರೊಡನೆ ಈ ಎರಡು ಅಧ್ಯಾಯಗಳನ್ನು ಒಂದು ಮಾತನ್ನೂ ಬಿಡದೆ ಓದಿದ್ದಾಯಿತು. ನಾಲ್ಕು ಗುರುವಾರಗಳು ಹಿಡಿದುವು. ಯಾರೂ ಆಕಳಿಸಲಿಲ್ಲವೆಂದು ಹೇಳಲಾರೆವು. ಆದರೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, ಕಾಗದವನ್ನು ಓದಿಸಿ ಕೇಳಿದ ಮುದುಕರು ಎಪ್ಪತ್ತು ವರ್ಷ ಬದುಕಿರಲಿಕ್ಕಿಲ್ಲವಲ್ಲ, ಅವರಿಗೆ ಆ ಹಿತವು ಯಾವ ರೀತಿಯಲ್ಲಿ ಸಂದಿತು ಎಂದು ಕೇಳಿದಳು. ಅದರ ಚರ್ಚೆಗೆ ಐದನೆಯ ಗುರುವಾರವೂ ಸಾಲಲಿಲ್ಲ.