ಕಡಲಿನ ಕಸದಲ್ಲಿ ತರೀಕೆರೆಗೆ ಪಾಲಿಲ್ಲವೇ?

ತರೀಕೆರೆಯ ನಮಗೂ ಸಮುದ್ರಕ್ಕೂ ಏನು ಸಂಬಂಧ? ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ, ಅಷ್ಟೇ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ. ಸರ್ಕಾರವೂ ಹಾಗೆಯೇ ತಿಳಿದಂತಿದೆ.

ಕರಾವಳಿಯ ನೀರನ್ನು ಪ್ಲಾಸ್ಟಿಕ್‌ನಿಂದ ಉಳಿಸಲು ರಾಜ್ಯ ಸರ್ಕಾರ ವಿಶ್ವಬ್ಯಾಂಕಿನ ನೆರವಿನಲ್ಲಿ ಸುಮಾರು 840 ಕೋಟಿ ರೂಪಾಯಿಗಳ ‘ಕೆ-ಶೋರ್’ ಯೋಜನೆ ರೂಪಿಸಿದೆ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಅದರ ಜಿಲ್ಲೆಗಳು. ಇಂಥ ಯೋಜನೆ ಬೇಡವೆನ್ನುವ ಅವಿವೇಕ ನಮಗಿಲ್ಲ. ಬಲೆಯಲ್ಲಿ ಮೀನಿನ ಜೊತೆ ಪ್ಲಾಸ್ಟಿಕ್ ಬಂದರೆ ಮೊದಲು ಕೆಡುವುದು ಮೀನುಗಾರರ ಹೊಟ್ಟೆಪಾಡು. ನಮ್ಮ ತಕರಾರು ಬೇರೆ. ಕಡಲು ಸೇರುವ ಕಸವೆಲ್ಲ ಆ ಮೂರು ಜಿಲ್ಲೆಗಳಲ್ಲೇ ಹುಟ್ಟುತ್ತದೆಯೇ?

ನಮ್ಮದೇ ಜಿಲ್ಲೆಯ ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ನೇತ್ರಾವತಿ ಪಶ್ಚಿಮಕ್ಕಿಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ಭದ್ರೆ ನಮ್ಮ ಲಕ್ಕವಳ್ಳಿಯ ಅಣೆಕಟ್ಟು ದಾಟಿ, ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿ, ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ನಮ್ಮ ತಾಲ್ಲೂಕಿನ ಹಳ್ಳದ ನೀರು ಭದ್ರೆಗೆ ಬಿದ್ದರೂ ಸರಿ, ವೇದಾವತಿಗೆ ಬಿದ್ದರೂ ಸರಿ, ಕೊನೆಗೆ ಸೇರುವುದು ತುಂಗಭದ್ರೆಯನ್ನೇ. ನಾವು ಇಲ್ಲಿ ಚರಂಡಿಗೆಸೆದ ಹಾಲಿನ ಪ್ಯಾಕೆಟ್ಟಿಗೆ ಆಂಧ್ರದ ಮೀನುಗಾರನ ಬಲೆಯವರೆಗೂ ದಾರಿಯಿದೆ. ಆ ದಾರಿ ಯಾವ ಕರಾವಳಿ ಯೋಜನೆಯ ನಕ್ಷೆಯಲ್ಲಿದೆ?

ಹೊಳೆ ಉಳಿಯಬೇಕಾದರೆ ಮೇಲಿನಿಂದಲೇ ಕೆಲಸ ಶುರುವಾಗಬೇಕೆಂಬುದು ಈ ಜಿಲ್ಲೆಗೆ ಹೊಸ ಪಾಠವಲ್ಲ. ಕುದುರೆಮುಖದ ಗಣಿಯ ಕೆಂಪು ಹೂಳು ಭದ್ರೆಗೆ ಇಳಿಯುತ್ತಿದ್ದಾಗ ಅಣೆಕಟ್ಟಿನ ಹೂಳೆತ್ತಿದರೆ ಸಾಕೆಂದು ಯಾರೂ ಸುಮ್ಮನಾಗಲಿಲ್ಲ. ಹೋರಾಟ ನಡೆಯಿತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು, 2005ರ ಕೊನೆಗೆ ಗಣಿಗಾರಿಕೆಯೇ ನಿಂತಿತು.

‘ಸಮುದ್ರವಿಲ್ಲದ ಊರಿಗೆ ಸಮುದ್ರದ ದುಡ್ಡೇಕೆ?’ ಎಂದು ಕೇಳುವವರಿದ್ದಾರೆ. ಪಡೆದ ಸಾಲವನ್ನು ತೀರಿಸುವಾಗ ಕರಾವಳಿ, ಮಲೆನಾಡು ಎಂಬ ಭೇದ ಇರುತ್ತದೆಯೇ? ಘಟ್ಟದ ಮೇಲಿನ ಪುರಸಭೆಗಳಿಗೆ ಕಸ ವಿಂಗಡಿಸುವ ಶೆಡ್ಡು, ಚರಂಡಿ ಹಳ್ಳಕ್ಕೆ ಸೇರುವಲ್ಲಿ ಒಂದು ಕಬ್ಬಿಣದ ಜಾಲರಿ, ಅದನ್ನು ಬಳಿಯುವ ಪೌರಕಾರ್ಮಿಕನಿಗೆ ಗ್ಲೌಸು, ಬೂಟು, ಸರಿಯಾದ ಸಂಬಳ. ನಾವು ಕೇಳುವುದು ಇಷ್ಟೇ. ಇದಕ್ಕೆ ವಿಶ್ವಬ್ಯಾಂಕಿನ ತಜ್ಞರೇನೂ ಬರಬೇಕಾಗಿಲ್ಲ.

ಎಲ್ಲ ತಪ್ಪನ್ನೂ ಸರ್ಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಪ್ಲಾಸ್ಟಿಕ್ ಕ್ಯಾರಿಬ್ಯಾಗನ್ನು ರಾಜ್ಯ ನಿಷೇಧಿಸಿದ್ದು 2016ರಲ್ಲಿ. ನಮ್ಮ ಶಾದಿ ಮಹಲುಗಳ ಹಿಂದಿನ ಚರಂಡಿಗೆ ಅದರ ಸುದ್ದಿ ಇನ್ನೂ ತಲುಪಿಲ್ಲ. ಒಂದು ವಲೀಮಾ ಮುಗಿದ ಮರುದಿನ ಹೋಗಿ ನೋಡಿ: ಲೋಟ, ಬಾಟಲಿ, ಐಸ್‌ಕ್ರೀಮ್ ಕಪ್ಪು. ಮೀನು ತರಲು ಮನೆಯಿಂದ ಪಾತ್ರೆ ಒಯ್ಯುತ್ತಿದ್ದ ನಾವೇ ಈಗ, ‘ಭಾಯ್, ಇನ್ನೊಂದು ಕವರ್ ಕೊಡಿ, ನೀರು ಸೋರುತ್ತಿದೆ’ ಎನ್ನುತ್ತೇವೆ.