ದತ್ತಾಂಶ ಸಂರಕ್ಷಣಾ ಕಾಯ್ದೆ ಮತ್ತು ಸಣ್ಣ ತಂತ್ರಾಂಶ ನವೋದ್ಯಮಗಳು

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಎಂಬುದು ವ್ಯಕ್ತಿಗಳ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಮುಂತಾದ ಮಾಹಿತಿಯನ್ನು ಡಿಜಿಟಲ್ ರೂಪದಲ್ಲಿ ಬಳಸುವ ಸಂಸ್ಥೆಗಳಿಗೆ ಅನ್ವಯಿಸುವ ಭಾರತದ ಕೇಂದ್ರ ಕಾನೂನು. ನವೋದ್ಯಮಗಳಿಗೆ (ಸ್ಟಾರ್ಟ್‌ಅಪ್) ವಿನಾಯಿತಿ ನೀಡಲು ಇದರಲ್ಲಿ ಅವಕಾಶವಿದೆ. ಆದರೆ ಅದು ಭಾಗಶಃ ಮಾತ್ರ.

ಹಿನ್ನೆಲೆ

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದರು. ಈ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ತೀರ್ಪಿತ್ತಿತು. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿಯು 2018ರಲ್ಲಿ ವರದಿ ಸಲ್ಲಿಸಿತು. 2019ರ ಮಸೂದೆಯನ್ನು ಸರ್ಕಾರ 2022ರಲ್ಲಿ ಹಿಂಪಡೆಯಿತು. ಹೊಸ ಮಸೂದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಪ್ರಮುಖ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ನೀಡಲಾಯಿತು.

ವಿನಾಯಿತಿಯ ಮಿತಿ

17(3)ನೆಯ ಪ್ರಕರಣದ ಪ್ರಕಾರ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ನವೋದ್ಯಮಗಳೂ ಸೇರಿದಂತೆ ಕೆಲವು ವರ್ಗದ ಸಂಸ್ಥೆಗಳನ್ನು ಪೂರ್ವಸೂಚನೆ ನೀಡುವುದು, ಮಾಹಿತಿಯ ನಿಖರತೆ ಕಾಯುವುದು, ಅವಧಿ ಮುಗಿದ ಮಾಹಿತಿಯನ್ನು ಅಳಿಸುವುದು ಮುಂತಾದ ಕರ್ತವ್ಯಗಳಿಂದ ಮುಕ್ತಗೊಳಿಸಬಹುದು. ಸಮ್ಮತಿ ಪಡೆಯುವುದು, ಸುರಕ್ಷತಾ ಕ್ರಮಗಳು, ಸೋರಿಕೆಯನ್ನು ವರದಿ ಮಾಡುವುದು ಹಾಗೂ ಮಕ್ಕಳ ಮಾಹಿತಿಯ ರಕ್ಷಣೆ ಈ ಪಟ್ಟಿಯಲ್ಲಿಲ್ಲ. ಅಲ್ಲದೆ, ಕಾಯ್ದೆಯ ಅರ್ಥದಲ್ಲಿ ನವೋದ್ಯಮವೆಂದರೆ ಸರ್ಕಾರದ ಮಾನ್ಯತೆ ಪಡೆದ ಖಾಸಗಿ ನಿಯಮಿತ ಕಂಪನಿ, ಪಾಲುದಾರಿಕೆ ಸಂಸ್ಥೆ ಅಥವಾ ಸೀಮಿತ ಹೊಣೆಯ ಪಾಲುದಾರಿಕೆ ಮಾತ್ರ. ಒಬ್ಬರೇ ಮಾಲೀಕರಾಗಿ ನಡೆಸುವ ಉದ್ಯಮವು ಈ ವ್ಯಾಖ್ಯೆಗೆ ಒಳಪಡುವುದಿಲ್ಲ.

ಸಣ್ಣ ಪಟ್ಟಣಗಳಲ್ಲಿ ಪರಿಣಾಮ

ಬೆಂಗಳೂರು ಗ್ರಾಮಾಂತರದಂತಹ ಜಿಲ್ಲೆಯಲ್ಲಿ ಈ ಭೇದ ಮುಖ್ಯವಾಗುತ್ತದೆ. ಉದಾಹರಣೆಗೆ, ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗವೊಂದರ ಕೂಲಿ ಲೆಕ್ಕಕ್ಕೆ ತಂತ್ರಾಂಶ ಒದಗಿಸುವ ಸಂಸ್ಥೆಯನ್ನು ತೆಗೆದುಕೊಳ್ಳಬಹುದು. ಕಾರ್ಮಿಕರ ಮಾಹಿತಿಗೆ ಕಾನೂನಿನ ಎದುರು ಹೊಣೆಗಾರರು ಮಗ್ಗದ ಮಾಲೀಕರು. ತಂತ್ರಾಂಶ ಸಂಸ್ಥೆಯ ಹೊಣೆ ಅವರೊಂದಿಗಿನ ಒಪ್ಪಂದದ ಮೂಲಕ ಬರುತ್ತದೆ. ಆದರೆ ಅದೇ ಸಂಸ್ಥೆ ನೆಲಮಂಗಲ ಅಥವಾ ಹೊಸಕೋಟೆಯ ಗ್ರಾಹಕರಿಗೆ ತನ್ನದೇ ಆ್ಯಪ್ ನೀಡಿದರೆ ನೇರ ಹೊಣೆ ಅದರದೇ. ಬಳಕೆದಾರರು 18 ವರ್ಷದೊಳಗಿನವರಾದರೆ ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಶಿಕ್ಷಣ ಸಂಸ್ಥೆಗಳಿಗೆ ಸೀಮಿತ ವಿನಾಯಿತಿಯಿದ್ದರೂ, ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತಿಗೆ ಅದು ಅನ್ವಯಿಸದು.

ಸಮ್ಮತಿಯ ಕೋರಿಕೆಯನ್ನು ಸರಳ ಭಾಷೆಯಲ್ಲಿ, ಇಂಗ್ಲಿಷ್ ಅಥವಾ ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಓದುವ ಆಯ್ಕೆ ನೀಡಬೇಕು. ಇದು ಬಳಕೆದಾರರಿಗೆ ಅನುಕೂಲ; ಸಣ್ಣ ಸಂಸ್ಥೆಗೆ ಅನುವಾದದ ವೆಚ್ಚ.

ದಂಡ

ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ವಿಳಂಬವಿಲ್ಲದೆ ತಿಳಿಸಿ, ಮಂಡಳಿಗೆ 72 ಗಂಟೆಗಳೊಳಗೆ ವಿವರವಾದ ವರದಿ ನೀಡಬೇಕು. ಸುರಕ್ಷತಾ ಕ್ರಮಗಳ ಲೋಪಕ್ಕೆ ₹250 ಕೋಟಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ ₹200 ಕೋಟಿವರೆಗೆ ದಂಡವಿದೆ. ಈ ಗರಿಷ್ಠ ಮಿತಿ ದೊಡ್ಡ ಕಂಪನಿಗೂ ಐದು ಜನರ ಕಚೇರಿಗೂ ಒಂದೇ. ಆದರೆ ಮೊತ್ತ ನಿಗದಿಪಡಿಸುವಾಗ ಮಂಡಳಿಯು ಲೋಪದ ಗಂಭೀರತೆ, ಅವಧಿ, ಪುನರಾವರ್ತನೆ, ಹಾನಿ ತಗ್ಗಿಸಲು ಕೈಗೊಂಡ ಕ್ರಮ ಹಾಗೂ ದಂಡದಿಂದ ಆಗಬಹುದಾದ ಪರಿಣಾಮವನ್ನು ಪರಿಗಣಿಸಬೇಕು. ಆದ್ದರಿಂದ ಸಣ್ಣ ಸಂಸ್ಥೆಗಳ ಭವಿಷ್ಯವು ಕಾಯ್ದೆಯ ಗರಿಷ್ಠ ಅಂಕಿಗಿಂತ ಮಂಡಳಿಯ ವಿವೇಚನೆಯನ್ನೂ ಸರ್ಕಾರದ ವಿನಾಯಿತಿ ಅಧಿಸೂಚನೆಯನ್ನೂ ಹೆಚ್ಚು ಅವಲಂಬಿಸಿದೆ.