ಮೂರು ಸಾವಿರ ರೂಪಾಯಿ, ಎರಡು ಜೊತೆ ಕಿವಿ

ಕಳೆದ ವಾರ ನೀರ್ಚಾಲು ಕಡೆಯ ನಮ್ಮ ಪರಿಚಯದ ಕೃಷಿಕರೊಬ್ಬರು ಮನೆಗೆ ಬಂದಿದ್ದರು. ಮಳೆಯ ಮಾತು, ಕೊಳೆರೋಗದ ಮಾತು, ಅಡಿಕೆ ಧಾರಣೆಯ ಮಾತು ಎಲ್ಲ ಮುಗಿದು ಏಳುವ ಹೊತ್ತಿಗೆ ತುಸು ಸಂಕೋಚದಿಂದ ಕೇಳಿದರು: “ಮಾಷ್ಟ್ರೇ, ಈ ಕಿವಿಗೆ ಇಡುವ ಹೆಡ್‌ಫೋನು ಯಾವುದು ತೆಗೆದರೆ ಒಳ್ಳೆಯದು? ನನ್ನ ಕೈಯಲ್ಲಿ ಮೂರು ಸಾವಿರ ಉಂಟು. ಅದಕ್ಕಿಂತ ಮೇಲೆ ಆಗಲಿಕ್ಕಿಲ್ಲ.”

ವಿಚಾರಿಸಿದಾಗ ಸಂಗತಿ ತಿಳಿಯಿತು. ಮಗ ಮಂಗಳೂರಿನ ಕಾಲೇಜಿಗೆ ಹೋಗುವವನು. ಬೆಳಗ್ಗೆ ಬಸ್ಸಿನಲ್ಲಿ ಕುಂಬಳೆಗೆ, ಅಲ್ಲಿಂದ ರೈಲಿನಲ್ಲಿ ಮಂಗಳೂರಿಗೆ, ಸಂಜೆ ಪುನಃ ಅದೇ ದಾರಿ. ಅವನಿಗೆ ವಯರಿಲ್ಲದ, ಕಿವಿಯೊಳಗೆ ಕೂರುವ ಸಣ್ಣ ಗುಂಡಿಗಳು ಬೇಕಂತೆ. ಇತ್ತ ಮನೆಯಲ್ಲಿ ಎಂಬತ್ತು ದಾಟಿದ ತಂದೆಯವರು ನಿದ್ರೆ ಬಾರದೆ ರಾತ್ರಿ ಇಡೀ ಮೊಬೈಲಿನಲ್ಲಿ ಹಳೆಯ ತಾಳಮದ್ದಳೆ ಹಾಕಿಕೊಂಡು ಕೂರುತ್ತಾರೆ. ಕಿವಿ ಮಂದವಾದ್ದರಿಂದ ಸದ್ದು ಜೋರು. ಹತ್ತನೆಯ ತರಗತಿಯ ಮಗಳಿಗೆ ಓದಲಾಗುವುದಿಲ್ಲ. ಪೇಟೆಯ ಅಂಗಡಿಯವನು 2,800 ರೂಪಾಯಿಯ ಒಂದನ್ನು ತೋರಿಸಿ, ಮನೆಗೂ ದಾರಿಗೂ ಇದೊಂದೇ ಸಾಕು ಎಂದು ಮಲಯಾಳದಲ್ಲಿ ಸೊಗಸಾಗಿ ವಿವರಿಸಿದನಂತೆ. “ಒಂದೇ ಸಾಕಲ್ಲವೇ?” ಎಂಬುದು ಇವರ ಪ್ರಶ್ನೆ.

ಸಾಲದು ಎಂದು ನಾನು ಹೇಳಿದೆ. ಆದರೆ ಹಣ ಸಾಕು ಎಂದೂ ಹೇಳಿದೆ.

ಶಾಲೆ, ಪಿ.ಎಸ್.ಸಿ., ಕನ್ನಡ ಬಲ್ಲ ಅಧಿಕಾರಿಗಳ ನೇಮಕ ಮೊದಲಾದ ಗಂಭೀರ ವಿಷಯಗಳನ್ನು ಚರ್ಚಿಸಬೇಕಾದ ಜಾಗದಲ್ಲಿ ಹೆಡ್‌ಫೋನಿನ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ನಮ್ಮ ಮನೆಗಳಿಗೆ ಕನ್ನಡವು ಕಣ್ಣಿನ ದಾರಿಯಿಂದ ಬಂದಷ್ಟೇ ಕಿವಿಯ ದಾರಿಯಿಂದಲೂ ಬಂದಿದೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1976ರ ಡಿಸೆಂಬರ್ 11ರಂದು ಮಂಗಳೂರು ಆಕಾಶವಾಣಿ ಆರಂಭವಾಯಿತು. ರಾಜ್ಯದ ಗಡಿ ತಲಪಾಡಿಯಲ್ಲಿ ನಿಂತರೂ ಆ ಬಾನುಲಿಯ ಅಲೆ ಅಲ್ಲಿ ನಿಲ್ಲಲಿಲ್ಲ. ಚಾವಡಿಯಲ್ಲಿ ಒಂದು ಟ್ರಾನ್ಸಿಸ್ಟರ್, ಸುತ್ತ ಅಡಿಕೆ ಸುಲಿಯುವ ನಾಲ್ಕಾರು ಮಂದಿ, ನಡುವೆ ಯಕ್ಷಗಾನದ ಪದ. ಹೀಗೆಯೇ ಎಷ್ಟೋ ಮಕ್ಕಳ ಕಿವಿಗೆ ಕನ್ನಡದ ದೊಡ್ಡ ದೊಡ್ಡ ಮಾತುಗಳು ಬಿದ್ದವು. ಅರ್ಥವಾಗಲಿ, ಆಗದಿರಲಿ, ಬಿದ್ದವು. ಈಗ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಲೋಕ. ಆದ್ದರಿಂದ ಕಿವಿಗೆ ಏನನ್ನು ಕೊಳ್ಳುತ್ತೇವೆ ಎಂಬುದು ಬರೇ ಅಂಗಡಿಯ ವ್ಯವಹಾರವಲ್ಲ ಎಂದು ನನಗೆ ತೋರುತ್ತದೆ.

ಮೊದಲಿಗೆ, ಹೊರಗಿನ ಸಾಧನ ಮತ್ತು ಮನೆಯ ಸಾಧನ ಎರಡೂ ಬೇರೆ ಬೇರೆ ಜಾತಿಯವು ಎಂಬುದನ್ನು ತಿಳಿಯಬೇಕು. ಹೆಡ್‌ಫೋನು ಹುಟ್ಟಿದ್ದು ಒಂದೇ ಕಡೆ ಕುಳಿತು ಕೇಳುವುದಕ್ಕೆ. 1910ರ ಹೊತ್ತಿಗೆ ಅಮೆರಿಕದ ನಥಾನಿಯಲ್ ಬಾಲ್ಡ್ವಿನ್ ಎಂಬವರು ತಮ್ಮ ಮನೆಯ ಅಡುಗೆ ಕೋಣೆಯಲ್ಲಿ ಕೂತು ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆ ಕೊಂಡುಕೊಂಡಿತು. 1958ರಲ್ಲಿ ಜಾನ್ ಕಾಸ್ ಸಂಗೀತ ಕೇಳುವುದಕ್ಕೆಂದೇ ಸ್ಟೀರಿಯೋ ಹೆಡ್‌ಫೋನು ತಂದರು. ಅದೂ ಮನೆಯದೇ. ಇದು ನಡೆದಾಡತೊಡಗಿದ್ದು 1979ರ ಜುಲೈಯಲ್ಲಿ ಜಪಾನಿನಲ್ಲಿ ಸೋನಿ ವಾಕ್‌ಮನ್ ಮಾರುಕಟ್ಟೆಗೆ ಬಂದ ತರುವಾಯ. ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಅದನ್ನು ಕಂಡ ನೆನಪು ನಮ್ಮೂರಿನ ಅನೇಕರಿಗೆ ಇದ್ದೀತು.

ಬಸ್ಸು, ರೈಲುಗಳಲ್ಲಿ ಕೇಳುವವನ ದೊಡ್ಡ ವೈರಿ ಹೊರಗಿನ ಗದ್ದಲ. ಆ ಗದ್ದಲವನ್ನು ಮೀರಿಸಲು ಅವನು ಸದ್ದು ಏರಿಸುತ್ತಾನೆ. ಏರಿಸಿದ್ದು ಅವನಿಗೆ ಗೊತ್ತಾಗುವುದೂ ಇಲ್ಲ. ಇಲ್ಲಿ ಕೆಲಸಕ್ಕೆ ಬರುವುದು ಕಿವಿಯ ಬಾಯಿಯನ್ನು ಮೆತ್ತಗೆ ಮುಚ್ಚುವ, ರಬ್ಬರಿನ ತುದಿಯುಳ್ಳ ಇಯರ್‌ಫೋನು. ಹೊರಗಿನ ಸದ್ದನ್ನು ಅದೇ ತಡೆಯುವುದರಿಂದ ಕಡಿಮೆ ಸದ್ದಿನಲ್ಲಿ ಕೆಲಸ ಸಾಗುತ್ತದೆ. ಪೆಟ್ಟಿಗೆಯಲ್ಲಿ ಮೂರು ಅಳತೆಯ ತುದಿಗಳು ಇರುತ್ತವೆ. ನಮ್ಮವರು ಮೊದಲೇ ಹಾಕಿದ್ದನ್ನು ಹಾಗೆಯೇ ಇಟ್ಟು ಉಳಿದವನ್ನು ಬಿಸಾಡುತ್ತಾರೆ. ಮೂರನ್ನೂ ಹಾಕಿ ನೋಡದೆ ‘ಇದರಲ್ಲಿ ಸ್ವರ ಸರಿಯಿಲ್ಲ’ ಎನ್ನುವುದು ನ್ಯಾಯವಲ್ಲ. ಐನೂರು, ಆರುನೂರು ರೂಪಾಯಿಗೆ ವಯರಿನ ಒಳ್ಳೆಯ ಇಯರ್‌ಫೋನು ಇಂದು ಸಿಗುತ್ತದೆ. ಎರಡು ದಶಕಗಳ ಹಿಂದೆ ಈ ಹಣಕ್ಕೆ ಇಂಥ ಸ್ವರ ಕೇಳಲು ಸಾಧ್ಯವಿರಲಿಲ್ಲ.

ವಯರಿಲ್ಲದ್ದು ಬೇಡವೇ? ಅನುಕೂಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಸಣ್ಣ ಗುಂಡಿಗಳೊಳಗೆ ಇರುವ ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಸೊರಗುತ್ತದೆ. ಹೆಚ್ಚಿನವುಗಳಲ್ಲಿ ಅದನ್ನು ಬದಲಿಸುವ ಏರ್ಪಾಡೇ ಇಲ್ಲ. ಒಂದು ಜೊತೆಗೆ ನಾನೇ ಹಣ ತೆತ್ತು ಈ ಪಾಠ ಕಲಿತಿದ್ದೇನೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಎಡಕಿವಿಯದ್ದು ಅರ್ಧ ಗಂಟೆಗೆ ಮೌನ ವ್ರತ ಹಿಡಿಯುತ್ತಿತ್ತು. ಅಂಗಡಿಗೆ ಕೊಂಡೊಯ್ದರೆ ‘ಹೊಸತು ತೆಗೆಯಿರಿ’ ಎಂಬ ಉತ್ತರ. ವಯರಿನದ್ದಕ್ಕೆ ಚಾರ್ಜಿನ ಚಿಂತೆಯಿಲ್ಲ. ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ನಮ್ಮ ಒಳನಾಡಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನೊಂದು ಪ್ರಯೋಜನವನ್ನು ಅಂಗಡಿಯವರು ಹೇಳುವುದೇ ಇಲ್ಲ. ಎಫ್.ಎಂ. ರೇಡಿಯೋ ಇರುವ ಮೊಬೈಲುಗಳಲ್ಲಿ ಸಾಮಾನ್ಯವಾಗಿ ಇಯರ್‌ಫೋನಿನ ವಯರೇ ಏರಿಯಲ್ಲಿನ ಕೆಲಸ ಮಾಡುತ್ತದೆ. ವಯರು ಚುಚ್ಚಿದರೆ ಇಂಟರ್ನೆಟ್ಟಿನ ಖರ್ಚಿಲ್ಲದೆ, ಅಲೆ ಸಿಗುವ ಕಡೆಗಳಲ್ಲಿ ಮಂಗಳೂರು ಆಕಾಶವಾಣಿ ಕೇಳಬಹುದು.

ಇನ್ನು ಮನೆಯ ಹೆಡ್‌ಫೋನಿನ ವಿಚಾರ. ಕಿವಿಯೊಳಗೆ ತುರುಕುವುದನ್ನು ಮುದುಕರು ರಾತ್ರಿಯಿಡೀ ಇಟ್ಟುಕೊಳ್ಳಲಾರರು. ನಮ್ಮ ಮಳೆಗಾಲದ ತೇವದಲ್ಲಿ ಕಿವಿಯನ್ನು ಗಂಟೆಗಟ್ಟಲೆ ಬಿಗಿದು ಮುಚ್ಚಿದರೆ ತುರಿಕೆ, ಬೂಷ್ಟಿನ ಸೋಂಕು ತಗಲುವುದೂ ಉಂಟು. ಹಿರಿಯರಿಗೆ ಕಿವಿಯನ್ನು ಸುತ್ತುವರಿಯುವ, ದೊಡ್ಡ ಮೆತ್ತೆಯ, ಹಗುರವಾದ ಹೆಡ್‌ಫೋನು ಬೇಕು. ಇದರಲ್ಲಿ ಹಿಂಬದಿ ಮುಚ್ಚಿದ್ದು, ತೆರೆದದ್ದು ಎಂದು ಎರಡು ಬಗೆ. ತೆರೆದದ್ದರಲ್ಲಿ ಸ್ವರ ಸಹಜ, ಕಿವಿಗೆ ಗಾಳಿಯಾಡುತ್ತದೆ. ಆದರೆ ಸದ್ದು ಹೊರಗೆ ಸೋರುತ್ತದೆ. ಪಕ್ಕದಲ್ಲಿ ಓದುವ ಮಗಳಿರುವ ಮನೆಗೆ ಅದು ಸಲ್ಲದು, ಬಸ್ಸಿಗಂತೂ ಸಲ್ಲದು. ಮುಚ್ಚಿದ್ದೇ ಆಗಬೇಕು. ಮೆತ್ತೆ ಮತ್ತು ವಯರು ಕಳಚಿ ಬದಲಿಸಲು ಬರುತ್ತದೆಯೇ ಎಂದು ಕೇಳಿ ತೆಗೆದುಕೊಳ್ಳಿ. ಮೊದಲು ಹಾಳಾಗುವುದು ಅವೆರಡೇ.

ಪೆಟ್ಟಿಗೆಯ ಮೇಲೆ ‘ಓಮ್’ ಎಂದು ಒಂದು ಸಂಖ್ಯೆ ಇರುತ್ತದೆ. 16, 32 ಎಂದಿದ್ದರೆ ಸಾಮಾನ್ಯವಾಗಿ ಮೊಬೈಲೇ ಅದನ್ನು ನಡೆಸಬಲ್ಲುದು. 250, 300 ಎಂದಿದ್ದರೆ ಅದು ಸ್ಟುಡಿಯೋದವರ ಸಾಮಾನು. ಅದಕ್ಕೆ ಪ್ರತ್ಯೇಕ ಆಂಪ್ಲಿಫಯರ್ ಬೇಕು, ಇಲ್ಲವಾದರೆ ಸ್ವರ ಬಾವಿಯೊಳಗಿಂದ ಬಂದಂತೆ. ಯಾರೋ ವಿದೇಶದಿಂದ ತಂದದ್ದು ಅಗ್ಗಕ್ಕೆ ಸಿಗುತ್ತದೆಂದು ಇದನ್ನು ತೆಗೆದು ಪೇಚಾಡಿದವರಿದ್ದಾರೆ. ಒಂದೂವರೆ ಸಾವಿರದ ಆಸುಪಾಸಿನ, 32 ಓಮಿನ, ವಯರಿನ ಹೆಡ್‌ಫೋನು ನಮ್ಮ ಅಜ್ಜನಂಥವರಿಗೆ ಧಾರಾಳ ಸಾಕು.

ಏಕೆಂದರೆ ಅವರು ಕೇಳುವುದು ಯಾವುದನ್ನು? ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು, ಬಲಿಪ ನಾರಾಯಣ ಭಾಗವತರು 2023ರಲ್ಲಿ ಹೋದರು. ಇಬ್ಬರೂ ನಮ್ಮ ಮಣ್ಣಿನವರು. ಅಂಥವರ ಕೂಟಗಳು ಉಳಿದಿರುವುದು ಬಹುಪಾಲು ಯಾರೋ ಅಭಿಮಾನಿಗಳು ವೇದಿಕೆಯ ಬದಿಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಕ್ಯಾಸೆಟ್ಟುಗಳಿಂದ. ಹಿನ್ನೆಲೆಯಲ್ಲಿ ಸುಂಯ್ ಎಂಬ ಸದ್ದು, ನಡುವೆ ಯಾರದೋ ಕೆಮ್ಮು. ಇಂಥದ್ದನ್ನು ಹತ್ತು ಸಾವಿರದ ಹೆಡ್‌ಫೋನಿನಲ್ಲಿ ಕೇಳಿದರೆ ಕೆಮ್ಮು ಹೆಚ್ಚು ಸ್ಪಷ್ಟವಾಗುತ್ತದೆ, ಅಷ್ಟೆ. ಅರ್ಥಧಾರಿಯ ಮಾತಿನ ಸ್ಪಷ್ಟತೆ ಇರುವುದು ವ್ಯಂಜನಗಳಲ್ಲಿ. ಅವು ಮಧ್ಯದ ಮತ್ತು ಮೇಲಿನ ಸ್ವರಗಳು. ಇಂದು ‘ಬಾಸ್, ಬಾಸ್’ ಎಂದು ಜಾಹೀರಾತು ಹೊಡೆಯುವ ಸಾಧನಗಳು ಕೆಳಗಿನ ಸ್ವರವನ್ನು ಉಬ್ಬಿಸುತ್ತವೆ. ಸಿನಿಮಾ ಹಾಡಿಗೆ ಅದು ಒಪ್ಪಬಹುದು, ವಾಲಿ ಸುಗ್ರೀವರ ಸಂವಾದಕ್ಕೆ ಅಲ್ಲ. ಆದ್ದರಿಂದ ಅಂಗಡಿಯಲ್ಲಿ ಪರೀಕ್ಷೆ ಮಾಡುವಾಗ ಅವರು ಹಾಕುವ ಹಾಡನ್ನು ಕೇಳಬೇಡಿ. ನಿಮ್ಮ ಮೊಬೈಲಿನಲ್ಲಿರುವ ತಾಳಮದ್ದಳೆಯನ್ನೇ ಹಾಕಿಸಿ.

ಹಳೆಯ ಧ್ವನಿಮುದ್ರಣಗಳಲ್ಲಿ ಕೆಲವು ಒಂದೇ ಕಿವಿಗೆ ಕೇಳಿಸುತ್ತವೆ. ಹೆಡ್‌ಫೋನು ಹಾಳಾಯಿತೆಂದು ಅಂಗಡಿಗೆ ಓಡಬೇಕಾಗಿಲ್ಲ. ಮೊಬೈಲಿನ ಸೆಟ್ಟಿಂಗಿನಲ್ಲಿ ಆಕ್ಸೆಸಿಬಿಲಿಟಿ ಎಂಬಲ್ಲಿ ‘ಮೋನೋ ಆಡಿಯೋ’ ಎಂದು ಇರುತ್ತದೆ. ಅದನ್ನು ಒತ್ತಿದರೆ ಎರಡೂ ಬದಿಗೆ ಒಂದೇ ಸ್ವರ ಬರುತ್ತದೆ. ಒಂದು ಕಿವಿ ಮಾತ್ರ ಚೆನ್ನಾಗಿರುವ ಹಿರಿಯರಿಗೂ ಇದರಿಂದ ಉಪಕಾರ.

ಆದರೆ ಇಲ್ಲಿ ನಾನು ಆ ಕೃಷಿಕರನ್ನು ತಡೆದೆ. ಅಜ್ಜನ ಕಿವಿಯನ್ನು ವೈದ್ಯರಿಗೆ ತೋರಿಸಿದ್ದೀರಾ ಎಂದು ಕೇಳಿದೆ. ಇಲ್ಲವಂತೆ. ಪ್ರಾಯವಾಯಿತಲ್ಲ, ಹಾಗೆಯೇ ಎಂದು ಬಿಟ್ಟಿದ್ದಾರೆ. ಹೆಡ್‌ಫೋನು ಶ್ರವಣ ಸಾಧನವಲ್ಲ. ಕಿವಿಯಲ್ಲಿ ಗುಗ್ಗೆ ಕಟ್ಟಿರಬಹುದು, ಅದನ್ನು ತೆಗೆದರೆ ಅರ್ಧ ಸಮಸ್ಯೆ ಮುಗಿಯಬಹುದು. ನಿಜವಾಗಿ ಕೇಳುವ ಶಕ್ತಿ ಕುಂದಿದ್ದರೆ, ಜೋರು ಸದ್ದು ಉಳಿದದ್ದನ್ನೂ ಕುಂದಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಲೆಕ್ಕ ಹೀಗಿದೆ: 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. ಎಂದರೆ ಒಂದೇ ರಾತ್ರಿಯ ಪೂರ್ತಿ ಪ್ರಸಂಗವನ್ನು 86ರಲ್ಲಿ ಕೇಳಿದರೆ ವಾರದ ಪಾಲು ಹೆಚ್ಚುಕಡಿಮೆ ಮುಗಿದಂತೆ. 90ಕ್ಕೆ ಏರಿಸಿದರೆ ವಾರಕ್ಕೆ 4 ಗಂಟೆ ಮಾತ್ರ. ಮಕ್ಕಳಿಗೆ ಈ ಮಿತಿ ಇನ್ನೂ ಕೆಳಗೆ, 75 ಡೆಸಿಬೆಲ್‌ನಿಂದ ಲೆಕ್ಕ. ಮೊಬೈಲಿನಲ್ಲಿ ಸದ್ದಿಗೆ ಮಿತಿ ಹಾಕುವ ಏರ್ಪಾಡು ಅನೇಕ ಕಡೆ ಇದೆ. ಮಗನ ಮೊಬೈಲಿನಲ್ಲಿ ಅದನ್ನು ಹಾಕಿಸಿ ಎಂದೆ. ಇಯರ್‌ಫೋನು ಹಾಕಿಕೊಂಡು ರೈಲು ಹಳಿ ದಾಟಬಾರದೆಂದು ಅವನಿಗೆ ಗಟ್ಟಿಯಾಗಿ ಹೇಳಿ ಎಂದೂ ಸೇರಿಸಿದೆ.

ನಮ್ಮ ಮಕ್ಕಳ ಕಿವಿಗೆ ಈ ಸಾಧನ ಗಂಟುಬಿದ್ದದ್ದು ಅವರ ತಪ್ಪಿನಿಂದಲ್ಲ. 2020ರ ಜೂನ್ 1ರಂದು ಶಾಲೆಯ ಬದಲಿಗೆ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗ, ಕನ್ನಡ ಮಾಧ್ಯಮದ ಪಾಠಗಳೂ ತಯಾರಾಗಿ ಬಂದಾಗ, ಒಂದೇ ಕೋಣೆಯಲ್ಲಿ ಇಬ್ಬರು ಮೂವರು ಮಕ್ಕಳು ಬೇರೆ ಬೇರೆ ತರಗತಿ ಕೇಳಬೇಕಾಗಿ ಬಂತು. ಆಗ ನಾವೇ ಹೋಗಿ ಕೈಗೆ ಸಿಕ್ಕಿದ್ದನ್ನು ತಂದುಕೊಟ್ಟೆವು. ಶಾಲೆ ತೆರೆಯಿತು, ಅಭ್ಯಾಸ ಹೋಗಲಿಲ್ಲ. ಈಗ ಅವರನ್ನು ಬೈದು ಫಲವಿಲ್ಲ.

ನಮ್ಮ ಪರಿಚಯದವರಿಗೆ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟೆ. ಮಗನಿಗೆ ವಯರಿನ ಇಯರ್‌ಫೋನು 600. ಅಜ್ಜನಿಗೆ ಹಿಂಬದಿ ಮುಚ್ಚಿದ ಹೆಡ್‌ಫೋನು 1,600. ಮಗನ ಹೊಸ ಮೊಬೈಲಿನಲ್ಲಿ ಹೆಡ್‌ಫೋನಿನ ಉರುಟು ತೂತು ಇಲ್ಲವಂತೆ. ಅದಕ್ಕೆ ಚಾರ್ಜು ಮಾಡುವಲ್ಲಿ ಚುಚ್ಚುವ ಕನ್ವರ್ಟರು ಸುಮಾರು 400. ಇದರಲ್ಲಿ ಎಲ್ಲವೂ ಎಲ್ಲ ಮೊಬೈಲಿಗೂ ಹೊಂದುವುದಿಲ್ಲವಾದ್ದರಿಂದ ಮಗನನ್ನೇ ಮೊಬೈಲ್ ಸಮೇತ ಕರೆದೊಯ್ದು ಅಂಗಡಿಯಲ್ಲೇ ಚುಚ್ಚಿ ನೋಡಬೇಕು, ಬಿಲ್ಲು ಕೇಳಿ ಪಡೆಯಬೇಕು. ಒಟ್ಟು 2,600. ಉಳಿದದ್ದರಲ್ಲಿ ಸುಮಾರು ನೂರು ರೂಪಾಯಿಗೆ ಒಂದು ಕವಲು ವಯರು ತನ್ನಿ ಎಂದೆ. ಒಂದು ಮೊಬೈಲಿಗೆ ಎರಡು ಹೆಡ್‌ಫೋನು ಚುಚ್ಚಲು ಬರುವಂಥದ್ದು.

“ಅದು ಎಂತಕ್ಕೆ?” ಎಂದರು.

ಆದಿತ್ಯವಾರ ರಾತ್ರಿ ಅಜ್ಜನ ಮೊಬೈಲಿಗೆ ಮೊಮ್ಮಗನದ್ದನ್ನೂ ಚುಚ್ಚಿ ಕೂರಿಸಿ ಎಂದೆ. ಮಗಳ ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಕಳಚಿ, ಚಾವಡಿಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹಾಕಿದರೂ ಆಗುತ್ತದೆ.

ಅವರು ಕಾಗದವನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು. ಮೊನ್ನೆ ಬದಿಯಡ್ಕದಲ್ಲಿ ಸಿಕ್ಕಿದಾಗ ಹೇಳಿದರು: ಅಜ್ಜನ ಕಿವಿಯಿಂದ ವೈದ್ಯರು ಗುಗ್ಗೆ ತೆಗೆದಿದ್ದಾರೆ. ಹೆಡ್‌ಫೋನು ಬಂದಿದೆ. ಕವಲು ವಯರು ಮಾತ್ರ ಆ ಅಂಗಡಿಯಲ್ಲಿ ಇರಲಿಲ್ಲವಂತೆ, ಮಗ ಮಂಗಳೂರಿನಿಂದ ತರುತ್ತೇನೆಂದಿದ್ದಾನೆ.